ಸಾಕ್ರೆಟಿಸನಿಗೆ ಅಲ್ ಕುಸೈಸ್‌ನಲ್ಲಿ ಮರಣದಂಡನೆ

2022ರಲ್ಲಿ ನಾನು ದುಬೈಯ ಅಲ್ ಕುಸೈಸ್‌ನ ಒಂದು ಇಂಡಿಯನ್ ಸ್ಕೂಲಿನಲ್ಲಿ ಇತಿಹಾಸದ ಟೀಚರ್. ಆ ವರ್ಷ ಮ್ಯಾನೇಜ್‌ಮೆಂಟ್ ಬಾಂಬ್ ಹಾಕಿತು: ಹನ್ನೊಂದನೇ ತರಗತಿಯ ಹ್ಯುಮ್ಯಾನಿಟೀಸ್‌ಗೆ, ಅಂದರೆ ಇತಿಹಾಸ, ರಾಜ್ಯಶಾಸ್ತ್ರ ಓದುವ ವಿಭಾಗಕ್ಕೆ, ಹದಿನೈದು ಮಕ್ಕಳಾದರೂ ಸೇರದಿದ್ದರೆ ಖಲಾಸ್. ಸಿಕ್ಕವರು ಒಂಬತ್ತೇ ಮಂದಿ. ವಿಭಾಗ ಹೋದರೆ ನನ್ನ ಕೆಲಸ, ಕೆಲಸದ ಬೆನ್ನಿಗೆ ವೀಸಾ.

ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಪೇರೆಂಟ್ಸ್ ಬರುವ ಓಪನ್ ಹೌಸ್ ದಿನ ಸಾಕ್ರೆಟಿಸನ ವಿಚಾರಣೆ ಆಡಿಸುತ್ತೇನೆ ಎಂದೆ. ಪ್ರಾಚೀನ ಏಥೆನ್ಸಿನ ಆ ತತ್ವಜ್ಞಾನಿಯ ಮೇಲಿದ್ದ ಒಂದು ಆರೋಪ, ಎಳೆಯರನ್ನು ಕೆಡಿಸಿದ ಎಂಬುದು. ತೀರ್ಪು ಕೊಟ್ಟದ್ದು ಊರಿನ ನಾಗರಿಕರು, ಓಟು ಹಾಕಿ. ನನ್ನ ನಾಗರಿಕರು ತಂದೆತಾಯಂದಿರೇ! ತಲೆಗೊಂದು ಖರ್ಜೂರ, ತಿಂದು ಬೀಜವನ್ನು ‘ತಪ್ಪಿತಸ್ಥ’ ಅಥವಾ ‘ನಿರ್ದೋಷಿ’ ಪಾತ್ರೆಗೆ ಹಾಕಬೇಕು. ಹೇಗೂ ಬಿಡುಗಡೆ ಮಾಡುತ್ತಾರೆ, ಆ ಹುಮ್ಮಸ್ಸಿನಲ್ಲಿ ಮಕ್ಕಳ ಹೆಸರು ಬರೆಸುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

ಸಾಕ್ರೆಟಿಸ್ ಆದವಳು ಹತ್ತನೇ ಕ್ಲಾಸಿನ ಶಿಫಾ, ದುಬೈಯ ಹಳೇ ಪೇಟೆ ದೇರಾದಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ ಉಳ್ಳಾಲದ ಹಮೀದಾಕರ, ಅಂದರೆ ಹಮೀದಣ್ಣನ, ಮಗಳು. ಅವಳು ಕಾಮರ್ಸೇ ಓದಬೇಕೆಂದು ಅಪ್ಪನ ಹಟ. ಅಬ್ಬಾ, ಎಂಥ ಬಾಯಿ ಆ ಹುಡುಗಿಯದು! ನೇರ ಪೇರೆಂಟ್ಸ್‌ಗೇ ಕೇಳಿದಳು: “ಮಕ್ಕಳು ಕ್ವೆಶ್ಚನ್ ಕೇಳಿದ್ರೆ ಕೆಟ್ಟುಹೋದ್ರು ಅಂತಲಾ? ಮತ್ತೆ ಸ್ಕೂಲಿಗೆ ಕಳಿಸುವುದು ಎಂತಕ್ಕೆ?”

ಹಾಲ್ ಗೊಳ್ಳೆಂದಿತು. ಬೀಜ ಎಣಿಸಿದರೆ, ಕೆಲವೇ ಬೀಜಗಳ ಅಂತರದಲ್ಲಿ, ತಪ್ಪಿತಸ್ಥ! ನನ್ನ ಲೆಕ್ಕಾಚಾರ ತಲೆಕೆಳಗು.

ಆರೋಪ ಹೊರಿಸಿದವರು ಕೇಳಿದ್ದು ಮರಣದಂಡನೆ; ಏಥೆನ್ಸಿನ ನಿಯಮದಂತೆ, ಇನ್ನು ಆರೋಪಿಯೂ ತನಗೊಂದು ಶಿಕ್ಷೆ ಸೂಚಿಸಬೇಕು, ಎರಡರಲ್ಲಿ ಒಂದಕ್ಕೆ ಮತ್ತೆ ಓಟು. ಸಣ್ಣದೊಂದು ದಂಡ ಹೇಳಿದ್ದರೆ ಮುಗಿಯುತ್ತಿತ್ತು. ಶಿಫಾ ಥೇಟ್ ಸಾಕ್ರೆಟಿಸನಂತೆ, “ಶಿಕ್ಷೆ ಎಂತದ್ದು? ಸರ್ಕಾರದ ಖರ್ಚಲ್ಲಿ ನನಗೆ ಊಟ ಹಾಕಿ” ಎಂದಳು.

“ಅಧಿಕಪ್ರಸಂಗಿ!” ಎಂದು ಹಿಂದಿನ ಸಾಲಿನ ಒಬ್ಬ ತಾಯಿ ನಿಜಕ್ಕೂ ಸಿಟ್ಟಾದರು. ಇನ್ನೊಂದು ಸುತ್ತು ಖರ್ಜೂರ ಹಂಚಿದೆವು. ಮೊದಲು ನಿರ್ದೋಷಿ ಎಂದವರಲ್ಲೂ ಹಲವರು ಈಗ ಮರಣದಂಡನೆಗೆ ಹಾಕಿದರು. ಏಥೆನ್ಸಿನಲ್ಲೂ ಹೀಗೇ ಆಯಿತಂತೆ! ಕೆಲಸ ಹೋಯಿತು ಎಂಬ ಸಂಕಟದ ನಡುವೆಯೂ ನನಗೆ ಮೈ ಜುಮ್ಮೆಂದಿತು.

ಶಿಫಾ ಲೋಟದಲ್ಲಿದ್ದ ದ್ರಾಕ್ಷಿ ರಸವನ್ನು ವಿಷವೆಂದು ಕುಡಿದು, ನಿಧಾನ ಮಲಗಿದಳು. ಹಮೀದಾಕ ಎದ್ದು ನಿಂತರು.

“ಟೀಚರ್, ಎರಡು ಸಲವೂ ನಾನು ಹಾಕಿದ್ದು ಇವಳ ವಿರುದ್ಧವೇ. ಮನೆಯಲ್ಲಿ ಇವಳ ಬಾಯಿ ಕೇಳಿ ಸಾಕಾಗಿದೆ ಮಾರಾಯ್ರೆ. ಈಗ ಆ ಬೀಜ ವಾಪಸ್ ತೆಗೀಲಿಕ್ಕೆ ಆಗ್ತದಾ?”

“ಇಲ್ಲ ಹಮೀದಾಕ, ಏಥೆನ್ಸಿನವರಿಗೂ ಆಗ್ಲಿಲ್ಲ.”

ಅವರು ಮುಖ ಒರೆಸಿಕೊಂಡರು. “ಹಾಗಾದ್ರೆ ಇವಳ ಹೆಸರು ನಿಮ್ಮ ಕ್ಲಾಸಿಗೆ ಬರೀರಿ. ಇನ್ನು ನಿಮ್ಮ ಹತ್ರ ವಾದ ಮಾಡ್ಲಿ.”

ಅವರ ಬೆನ್ನಿಗೇ ಏಳೆಂಟು ಮಂದಿ ಬಂದರು. ವಿಭಾಗ ಉಳಿಯಿತು, ನಾನು ಕುಣಿಯುವುದೊಂದು ಬಾಕಿ! ಸಾಕ್ರೆಟಿಸನನ್ನು ಕೊಂದವರು ದುಷ್ಟರೆಂದು ಅಷ್ಟು ವರ್ಷ ಪಾಠ ಮಾಡಿದ್ದೆ. ಅವರು ಮಕ್ಕಳ ಎದುರುತ್ತರಕ್ಕೆ ಬೇಸತ್ತ ಅಪ್ಪ ಅಮ್ಮಂದಿರೂ ಆಗಿದ್ದಿರಬೇಕು ಎಂದು ನನಗೆ ಕಲಿಸಿದ್ದು ಆ ಬೆಳಗು.