ಮಾವನ ಮನೆಯ ಟಿವಿಯಲ್ಲಿ ನನ್ನ ಷೇರು ಲೆಕ್ಕ

ಹೋದ ವರ್ಷ ದೀಪಾವಳಿಗೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ, ಹೆಂಡತಿ ಶೋಭಾಳ ತವರಿಗೆ ಹೋಗಿದ್ದೆವು. ಹಬ್ಬಕ್ಕೆ ಬಂದ ಅಳಿಯನಿಗೆ ನಮ್ಮ ಕಡೆ ಸಿಗುವ ಮರ್ಯಾದೆ ಕೇಳಬೇಡಿ. ಕೂತಲ್ಲಿಗೇ ಚಹಾ ಬರುತ್ತದೆ, ನಾವು ಏನು ಹೇಳಿದರೂ ಮನೆಮಂದಿಯೆಲ್ಲ ಕೇಳುತ್ತಾರೆ. ನನಗೂ ಅದು ತಲೆಗೇರಿತ್ತು.

ಮಾವ ಮುಡಬಿ ರಸ್ತೆಯ ಪ್ಲಾಟು ಮಾರಿದಾಗ ಶೋಭಾಳ ಪಾಲನ್ನು ಅವಳಿಗೆ ಕೊಟ್ಟಿದ್ದರು. ಮುಂದೆ ಮನೆ ಕಟ್ಟಲು ಇರಲಿ ಎಂದು ಅವಳು ಅದನ್ನು ನನ್ನ ಕೈಗಿಟ್ಟಿದ್ದಳು. ಎಲ್ಲವನ್ನೂ ಷೇರುಪೇಟೆಯ ಇಟಿಎಫ್‌ನಲ್ಲಿ ಹಾಕಿದ್ದೇನೆ ಎಂದಿದ್ದೆ.

ಹಬ್ಬದ ಮಧ್ಯಾಹ್ನ, ಮೊಬೈಲ್ ಅಂಗಡಿ ಇಟ್ಟಿರುವ ಅವಳ ತಮ್ಮ ಸಂತೋಷ ಕೇಳಿದ, "ಮಾಮಾ, ನನ್ ಬಲ್ಲೂ ಒಂದೀಟು ರೊಕ್ಕ ಕೂಡ್ಯಾದ. ಎಲ್ಲಿ ಹಾಕ್ಲಿರಿ?"

ನನಗೆ ಅಷ್ಟೇ ಸಾಕಾಗಿತ್ತು. ಇಟಿಎಫ್ ಎಂದರೆ ಹತ್ತಾರು ದೊಡ್ಡ ಕಂಪನಿಗಳ ಷೇರು ಒಂದೇ ಗಂಟಿನಲ್ಲಿ ಕೊಂಡಂತೆ, ಹೆಚ್ಚಿನ ಹಣ ಅದರಲ್ಲಿರಬೇಕು, ಆಗಾಗ ಕೊಂಡು ಮಾರುವ ಚಟುವಟಿಕೆ ಊಟಕ್ಕೆ ಉಪ್ಪಿನಕಾಯಿ ಇದ್ದಷ್ಟೇ ಇರಬೇಕು ಎಂದು ಭಾಷಣ ಬಿಗಿದೆ. ಆ್ಯಪ್ ತೋರಿಸುತ್ತೇನೆಂದು ಫೋನನ್ನು ಟಿವಿಗೆ ಜೋಡಿಸಲು ಅವನಿಗೇ ಹೇಳಿದೆ. ಕಂಪನಿಗಳ ಪಟ್ಟಿ ತೆರೆಯಲು ಹೋದವನು ಅವಸರದಲ್ಲಿ ನನ್ನ ಸ್ವಂತ ಖಾತೆಯನ್ನೇ ತೆರೆದುಬಿಟ್ಟೆ.

"ಮಾಮಾ, ಇಟಿಎಫ್ ಇಷ್ಟೇ ಅದ ಏನ್ರಿ? ಉಳಕಿದ್ದೆಲ್ಲಾ ಕೆಂಪ್ ಕಾಣಾಕತ್ತದಲ್ರಿ" ಎಂದ ಸಂತೋಷ. ಕೆಂಪು ಎಂದರೆ ನಷ್ಟ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಮೊದಲು ನಿಜವಾಗಿಯೂ ಇಟಿಎಫ್‌ನಲ್ಲೇ ಹಾಕಿದ್ದೆ. ಅದು ನಿಧಾನವಾಗಿ ಏರುವುದನ್ನು ನೋಡಿ ನನಗೆ ತಾಳ್ಮೆ ಉಳಿಯಲಿಲ್ಲ. ಸ್ವಲ್ಪ ಸ್ವಲ್ಪವೇ ತೆಗೆದು, ನನ್ನ ಬುದ್ಧಿಯ ಮೇಲೆ ನಂಬಿಕೆಯಿಟ್ಟು, ಬೇರೆ ಬೇರೆ ಷೇರು ಕೊಂಡು ಮಾರುತ್ತ ಅರ್ಧಕ್ಕಿಂತ ಹೆಚ್ಚು ಕಳೆದಿದ್ದೆ. ಶೋಭಾಗೆ ಗೊತ್ತಿರಲಿಲ್ಲ.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಟಿವಿ ನೋಡುತ್ತಿದ್ದಳು. "ಅಪ್ಪಾ ಕೊಟ್ಟ ರೊಕ್ಕ ಇದೇ ಏನ್ರಿ?" ಎಂದಳು.

ಟಿವಿಯ ಮುಂದೆಯೇ ಕೂತಿದ್ದ ಮಾವ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ಟಿವಿ ಬಂದ್ ಮಾಡೋ ಸಂತೋಷ. ಅಳಿಯಂದ್ರು ಹಸದಾರ, ತಾಟ ಹಾಕ್ರಿ" ಎಂದರು. ಊಟಕ್ಕೆ ಕೂತಾಗ ತಾವೇ ಬಗ್ಗಿ ನನ್ನ ಹೋಳಿಗೆಗೆ ತುಪ್ಪ ಬಡಿಸಿದರು. ಬೇಡ ಎನ್ನಲೂ ನನಗೆ ಧೈರ್ಯವಾಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಉಳಿದ ಹಣ ಈಗ ಇಟಿಎಫ್‌ನಲ್ಲಿದೆ, ಶೋಭಾಳ ಹೆಸರಿನ ಖಾತೆಯಲ್ಲಿ. ಅವಳು ನನ್ನೊಡನೆ ಮಾತು ಬಿಟ್ಟಿಲ್ಲ, ಆದರೆ ಹಣದ ವಿಷಯ ನನ್ನನ್ನು ಕೇಳುವುದಿಲ್ಲ. ಅದು ನ್ಯಾಯವೇ.

ನನಗೆ ಮರೆಯಲಾಗದ್ದು ಮರುದಿನ ಹೊರಡುವ ಹೊತ್ತು. ಪ್ರತಿ ವರ್ಷದಂತೆ ಮಾವ ಹಬ್ಬದ ಬಟ್ಟೆ, ಅದರ ಮೇಲೊಂದು ಹಣದ ಲಕೋಟೆ ಇಟ್ಟು ಎರಡೂ ಕೈಯಿಂದ ಮುಂದೆ ಚಾಚಿದರು. ಮಗಳು ಪಕ್ಕದಲ್ಲೇ ನಿಂತಿದ್ದಳು. ಆದರೂ ಅವರು ಕೊಟ್ಟದ್ದು ನನ್ನ ಕೈಗೇ.