ಮೆಣಸಿನ ಸಸಿ ಕೀಳುವ ಮಲ್‌ಸುನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊರಿಯಾದ ಸೋಲ್ಗೊಗೆ ಎಂಬ ಗುಡ್ಡದ ಕಳೆಯ ನಡುವೆ ಕುಕ್ಕರುಗಾಲಲ್ಲಿ ಕೂತು ತಾಕ್ ಮಲ್‌ಸುನ್ ಅಜ್ಜಿ ಮೆಣಸಿನ ಸಸಿ ಕೀಳುತ್ತಿದ್ದಾರೆ. ನನ್ನ ಹೆಜ್ಜೆ ಸಪ್ಪಳಕ್ಕೆ ತಿರುಗಿದವರು ಮೊದಲು ನೋಡುವುದು ನನ್ನ ಬೂಟುಗಳನ್ನು.

"ಇಂಥ ಬೂಟು ಹಾಕ್ಕೊಂಡೇ ಹೋದ ವಾರ ಒಬ್ಬ ಬಂದು ಫೋಟೋ ಹೊಡ್ಕೊಂಡು ಹೋದ. ನಿಮ್ಮನ್ನೂ ಆ ಮೇಷ್ಟ್ರ ಮಗನೇ ಕಳ್ಸಿದ್ನಾ?"

ಪತ್ರಿಕೆಯವಳು ಎನ್ನುತ್ತೇನೆ. "ಅವನೂ ಹಾಗೇ ಅಂದಿದ್ದ" ಎಂದು ಬೇರಿನ ಮಣ್ಣು ಕೊಡವುತ್ತಾರೆ.

ಈ ಗುಡ್ಡ ಸಾರ್ವಜನಿಕ ಉದ್ಯಾನ. ಹಾಗಂತ ಒಂದು ಬೋರ್ಡಿದೆ, ಬೋರ್ಡು ಬಿಟ್ಟರೆ ಬೇರೇನೂ ಇಲ್ಲ. ನಿವೃತ್ತ ಮೇಷ್ಟ್ರೊಬ್ಬರು ಊರಿಗೆ ದಾನ ಕೊಟ್ಟ ನೆಲವಿದು. ಜನ ಬಂದು ಕೂರುವ ಜಾಗವಾಗದಿದ್ದರೆ ಮನೆಯವರಿಗೆ ವಾಪಸ್ ಎಂಬ ಷರತ್ತಿದೆ. ಮೇಷ್ಟ್ರು ಈಗಿಲ್ಲ. ಮಗನಿಗೆ ಇಲ್ಲಿ ಅಂಗಡಿ ಸಾಲು ಕಟ್ಟುವ ಆಸೆ. ಖಾಲಿ ನೆಲ ಕಂಡರೆ ಕೈ ಸುಮ್ಮನಿರದ ಈ ಊರ ಅಜ್ಜಿಯರು ಮಬ್ಬುಗತ್ತಲಲ್ಲಿ ಬಂದು ಸಸಿ ನೆಟ್ಟು ಹೋಗುತ್ತಾರೆ. ಮಗನ ಕಡೆಯವರು ಅದರ ಫೋಟೋ ತೆಗೆದು, ಇದು ಉದ್ಯಾನವಲ್ಲ, ಹೊಲ ಎನ್ನುತ್ತಾರೆ. ಪುರಸಭೆಗೆ ಈ ಆಟ ತಿಳಿದಿಲ್ಲವೆಂದರೆ ನಾನಂತೂ ನಂಬುವುದಿಲ್ಲ.

ವಯಸ್ಸಾದವರಿಗೆಂದು ಪುರಸಭೆ ಕೊಡುವ ಕೂಲಿಗೆ ಮಲ್‌ಸುನ್ ಕಸ ಹೆಕ್ಕಿದರೆ ಸಾಕು. ಸಸಿ ಕೀಳುವುದು ಅವರದೇ ಹಟ. ಕಿತ್ತದ್ದನ್ನು ಎಸೆಯುವುದಿಲ್ಲ. ಬೇರಿಗೆ ಒದ್ದೆ ಬಟ್ಟೆ ಸುತ್ತಿ ರಸ್ತೆ ಬದಿಯಲ್ಲಿಡುತ್ತಾರೆ. ನೆಟ್ಟವರು ಹಗಲಲ್ಲಿ, ಎಲ್ಲರೆದುರೇ ಬಂದು ಒಯ್ಯಬೇಕು.

ಪಕ್ಕದ ಮನೆಯ ಡುಕ್‌ಜಾ ಅಜ್ಜಿ ಬಿಸಿಲುಟೋಪಿಯನ್ನು ಮುಖಕ್ಕೆಳೆದುಕೊಂಡು ಬರುತ್ತಾರೆ.

"ನನ್ನದಲ್ಲಪ್ಪ. ದಾರೀಲಿ ಬಿದ್ದಿತ್ತು, ತಗೊಂಡೆ."

"ಅಕ್ಕಾ, ದಿನಾ ನಿಮ್ಮ ದಾರೀಲೇ ಬೀಳುತ್ತಲ್ಲ!"

"ಖಾರದ ಕಿಮ್ಚಿ ಉಪ್ಪಿನಕಾಯಿ ತಿನ್ನೋ ಬಾಯೇನೇ ಅದು? ಮೆಣಸಿನ ಗಿಡ ಕೀಳೋಕೆ ಕೈಯಾದ್ರೂ ಹೇಗೆ ಬರುತ್ತೆ ನಿಂಗೆ?"

ಮಲ್‌ಸುನ್ ಮುಂದಿನ ಸಸಿಗೆ ಕೈ ಹಾಕುತ್ತಾರೆ. ಡುಕ್‌ಜಾ ಮರೆಯಾದ ಮೇಲೆ ಹೇಳುತ್ತಾರೆ: "ಇದು ನಾನು ಗೇಣಿಗೆ ಮಾಡ್ತಿದ್ದ ಹೊಲ. ಇಲ್ಲೇ ಮೆಣಸಿನಕಾಯಿ ಬೆಳೆದು ಮಕ್ಕಳ್ನ ಸಾಕಿದ್ದು. ಊರಿಗೆ ಕೂತ್ಕೊಳ್ಳೋಕೆ ಒಂದು ಜಾಗ ಬೇಕು, ಬಿಟ್ಕೊಡಮ್ಮ ಅಂದ್ರು ಮೇಷ್ಟ್ರು. ಕಾಯಿ ತುಂಬಿದ್ದ ಗಿಡಾನ ನಾನೇ ಕಿತ್ತೆ. ಅಂಗಡಿಗೋಸ್ಕರ ಕಿತ್ತಿದ್ದಲ್ಲ ಅದು."

ನಿಮಗೇನು ಬೇಕು ಎನ್ನುತ್ತೇನೆ. ಯಾರೋ ಎಸೆದ ಸೋಫಾವೊಂದನ್ನು ಅವರು ಪೈನ್ ಮರದಡಿ ಎಳೆದು ತಂದಿಟ್ಟಿದ್ದಾರೆ. ಅದರ ಇಬ್ಬನಿಯನ್ನು ತೋಳಿನಿಂದ ಒರೆಸುತ್ತಾರೆ. ಕಣ್ಣು ಇನ್ನೂ ನನ್ನ ಬೂಟಿನ ಮೇಲೇ ಇದೆ.

"ಕೂತ್ಕೊಳ್ಳಿ. ಆ ಮೂಲೇಲಲ್ಲ, ರಸ್ತೆಗೆ ಕಾಣೋ ಹಾಗೆ. ನೀವು ಯಾರ ಕಡೆಯವರಾದ್ರೂ ಆಗಿರಿ. ಮೇಷ್ಟ್ರ ಮಗನ ಕಡೆಯವನು ಫೋಟೋ ಹೊಡೆಯೋಕೆ ಬರೋ ಹೊತ್ತಾಯ್ತು, ಆ ಫೋಟೋದಲ್ಲಿ ನೀವು ಕೂತಿರ್ಬೇಕು."