ರೇಡಿಯೇಟರಿನ ಮುಚ್ಚಳ

ಇನ್ಸ್‌ಪೆಕ್ಟರರಿಗೂ ಪೊಲೀಸರಿಗೂ ಯಾವ ಸಂಬಂಧವೂ ಇರಲಿಲ್ಲ. ಅವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಅಂಗಡಿಯ ತಕ್ಕಡಿ, ಪೆಟ್ರೋಲ್ ಬಂಕಿನ ಮೀಟರು, ಬಟ್ಟೆಯಂಗಡಿಯ ಅಳತೆಕೋಲು, ಎಲ್ಲವನ್ನೂ ಪರೀಕ್ಷಿಸಿ ಸೀಸದ ಮುದ್ರೆ ಒತ್ತಿ ಬರುವುದು ಅವರ ಕೆಲಸ. ಮುದ್ರೆ ಒಡೆದಿದ್ದರೆ ಅಲ್ಲಿ ಮೋಸ ನಡೆದಿದೆ ಅಂತಲೇ ಅರ್ಥ. ಅಷ್ಟು ವರ್ಷ ತೂಕದ ಕಲ್ಲುಗಳ ತಳ ತಿರುಗಿಸಿ ನೋಡಿದ ಮನುಷ್ಯ ಮನೆಗೆ ಬಂದ ಮೇಲೆ ಸುಮ್ಮನಿರುತ್ತಾರೆಯೇ? ಫಿನಾಯಿಲ್ ಬಾಟಲಿಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಹಾಲಿನವನ ಅಳತೆ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಇಸ್ತ್ರಿಗೆ ಹೋದ ಅಂಗಿ ಮರಳಿ ಬಂದರೆ ಗುಂಡಿಗಳು ಅವೇ ಹೌದೋ ಅಲ್ಲವೋ ಅಂತ ಎಣಿಸುತ್ತಿದ್ದರು. ಗುಂಡಿ ಕದ್ದು ಇಸ್ತ್ರಿಯವನು ಏನು ಮಾಡಿಯಾನು ಅಂತ ಮಾತ್ರ ಕೇಳಬೇಡಿ, ಅದಕ್ಕೂ ಅವರ ಹತ್ತಿರ ಉತ್ತರವಿತ್ತು.

ಇಂಥವರ ಕೈಯಲ್ಲಿ ಒಂದು ಹಳೇ ಕಾರು. ಹತ್ತೊಂಬತ್ತು ವರ್ಷದ್ದು, ಬೂದು ಬಣ್ಣದ್ದು, ಉದ್ದನೆಯ ಡಿಕ್ಕಿಯದ್ದು. ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಹೊರಗಿನಿಂದ ತೆರೆಯುತ್ತದೆ. ಎರಡನೇ ಗೇರು ಸ್ವಲ್ಪ ಗೊಣಗಿ ಬೀಳುತ್ತದೆ. ಆದರೂ ಆ ಗಾಡಿ ದಾರಿಯಲ್ಲಿ ಕೈಕೊಟ್ಟದ್ದು ಅಂತ ಇರಲಿಲ್ಲ, ಏಕೆಂದರೆ ಅದನ್ನು ನೋಡಿಕೊಳ್ಳುತ್ತಿದ್ದವನು ಹೆಂಡತಿಯ ತಮ್ಮ. ಅವನದು ಸ್ವಂತ ಗ್ಯಾರೇಜು. ಹದಿನಾಲ್ಕು ವರ್ಷ ಭಾವನ ಕಾರಿಗೆ ಕೈ ಹಾಕಿದವನು, ಕೂಲಿ ಅಂತ ಒಂದು ಕಾಸು ಮುಟ್ಟಿದವನಲ್ಲ. ಬೇರೆ ಯಾರಿಗಾದರೂ ಇದು ಸಂತೋಷದ ಸಂಗತಿ. ಇನ್ಸ್‌ಪೆಕ್ಟರರಿಗೆ ಇದೇ ಅನುಮಾನದ ಮೂಲ. ಪುಕ್ಕಟೆ ಮಾಡಿಕೊಡುವವನಿಗೆ ಎಲ್ಲೋ ಒಂದು ಕಡೆ ಗಿಟ್ಟುತ್ತಿರಲೇಬೇಕಲ್ಲ!

ಅದಕ್ಕಾಗಿ ಅವರು ಕಾರಿಗೂ ಮುದ್ರೆ ಒತ್ತಿದ್ದರು. ಸೀಸದ್ದಲ್ಲ, ಹೆಂಡತಿಯ ಪೆಟ್ಟಿಗೆಯಲ್ಲಿ ಯಾವತ್ತೋ ಸಿಕ್ಕಿದ ಕೆಂಪು ನೇಲ್ ಪಾಲಿಷಿನದ್ದು. ಗ್ಯಾರೇಜಿಗೆ ಬಿಡುವ ಹಿಂದಿನ ದಿನ ಬಾನೆಟ್ ಎತ್ತಿ, ಡಿಕ್ಕಿ ತೆರೆದು, ಬ್ಯಾಟರಿಯ ತಳಕ್ಕೊಂದು, ಸ್ಟೆಪ್ನಿಯ ಒಳಮೈಗೊಂದು, ಹಾರ್ನಿನ ಬೆನ್ನಿಗೊಂದು ಚುಕ್ಕೆ ಇಡುತ್ತಿದ್ದರು. ಕಾಣುವ ಕಡೆ ಗುರುತು ಹಾಕುವವನು ದಡ್ಡ, ಕಳ್ಳ ಅದನ್ನು ನೋಡಿ ಅಂಥದ್ದೇ ಇನ್ನೊಂದು ಹಾಕಿಬಿಡುತ್ತಾನೆ, ಇದು ಇಲಾಖೆಯಲ್ಲಿ ಕಲಿತ ಪಾಠ. ಕಾರು ವಾಪಸು ಬಂದ ಮೇಲೆ ಟಾರ್ಚು ಹಿಡಿದು ಚುಕ್ಕೆಗಳನ್ನು ಒಂದೊಂದಾಗಿ ಹುಡುಕುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಚುಕ್ಕೆ ಕಾಣೆಯಾಗಿರಲಿಲ್ಲ. ಅಷ್ಟಾದರೂ ಅವರಿಗೆ ನಂಬಿಕೆ ಹುಟ್ಟಲಿಲ್ಲ, ಆಸಾಮಿ ಬಹಳ ಹುಷಾರಿನವನು ಅನ್ನಿಸಿತು ಅಷ್ಟೆ.

ಎರಡು ತಿಂಗಳ ಹಿಂದೆ ಭಾವಮೈದುನ ರೇಡಿಯೇಟರಿನ ಮುಚ್ಚಳ ಬದಲಾಯಿಸಿದ. "ಹಳೇದರ ಸ್ಪ್ರಿಂಗು ಹೋಗಿತ್ತು ಭಾವ, ಹೊಸದು ಹಾಕಿದೀನಿ," ಅಂದ. ಇನ್ಸ್‌ಪೆಕ್ಟರರು ತಲೆಯಾಡಿಸಿ ಮನೆಗೆ ಬಂದು, ಎಂಜಿನ್ ತಣ್ಣಗಾದ ಮೇಲೆ ಆ ಮುಚ್ಚಳ ತೆಗೆದರು. ಹೊಸದೇ ಇರಬಹುದು, ಆದರೆ ಮುಂದಿನ ಸಲ ಇದನ್ನು ಎತ್ತಿಕೊಂಡು ಹಳೇದನ್ನು ಹಾಕುವುದಿಲ್ಲ ಅಂತ ಏನು ಖಾತ್ರಿ? ಮುಚ್ಚಳದ ಒಳಗಿನ ರಬ್ಬರ್ ವಾಷರಿನ ಮೇಲೆ ದಪ್ಪನೆಯ ಚುಕ್ಕೆ ಇಟ್ಟರು. ಒಣಗಿದ ಮೇಲೆ ಸಾಲದೆನ್ನಿಸಿ ಅದರ ಮೇಲೆ ಇನ್ನೊಂದು ಇಟ್ಟರು.

ಆ ವಾರದಿಂದಲೇ ಕಾರು ಕಾಯತೊಡಗಿತು. ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಟೆಂಪರೇಚರಿನ ಮುಳ್ಳು ಕೆಂಪು ಗೆರೆಯ ಹತ್ತಿರ. ಬಾನೆಟ್ ಎತ್ತಿದರೆ ನೀರು ಕಡಿಮೆ. ಬೆಳಿಗ್ಗೆ ತುಂಬಿಸಿದ್ದು ಸಂಜೆಗೆ ಎಲ್ಲಿ ಹೋಯಿತು? ಕಾರಿನ ಕೆಳಗೆ ದಿನಪತ್ರಿಕೆ ಹಾಸಿ ಇಟ್ಟರು, ಬೆಳಿಗ್ಗೆ ಒಂದು ಹನಿಯಿಲ್ಲ. ಪೈಪುಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ಒಣಗಿದ್ದವು. ಎಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಿದರು, ಎಣ್ಣೆಯಲ್ಲಿ ನೀರು ಬೆರೆತಿರಲಿಲ್ಲ. ಸೋರದ ನೀರು ಮಾಯವಾಗುವುದು ಹೇಗೆ? ಇನ್ಸ್‌ಪೆಕ್ಟರರು ಡೈರಿ ತೆಗೆದು ತಾರೀಖು ಹಾಕಿ ಬರೆದುಕೊಂಡರು. ಮುಚ್ಚಳ ಬದಲಾಯಿಸಿದ ದಿನ ಒಂದು, ಕಾರು ಕಾದ ಮೊದಲ ದಿನ ಇನ್ನೊಂದು, ಎರಡರ ನಡುವೆ ಅಂತರ ಬರೀ ಮೂರು ದಿನ. ಇನ್ನೇನು ಸಾಕ್ಷಿ ಬೇಕು?

ಮರುದಿನವೇ ಕಾರಿನಲ್ಲಿ ಗ್ಯಾರೇಜಿಗೆ ಹೋದರು. ಅಲ್ಲಿ ಇಬ್ಬರು ಗಿರಾಕಿಗಳು ಸ್ಟೂಲಿನ ಮೇಲೆ ಕೂತಿದ್ದರು, ಪಕ್ಕದ ಟೈರಿನಂಗಡಿಯವನೂ ಮಾತಾಡುತ್ತ ನಿಂತಿದ್ದ. ಇನ್ಸ್‌ಪೆಕ್ಟರರು ಎಂಜಿನ್ ತಣಿಯುವವರೆಗೆ ಕಾದು, ಮುಚ್ಚಳ ಬಿಚ್ಚಿ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

"ಏನಯ್ಯಾ, ಇದು ಹೊಸದಾ? ಯಾವ ಗುಜರಿ ಗಾಡೀದು ಕಿತ್ತು ನನಗೆ ಅಂಟಿಸಿದ್ದೀಯ? ಹದಿನಾಲ್ಕು ವರ್ಷದಿಂದ ನೋಡ್ತಾನೇ ಇದ್ದೀನಿ, ಇವತ್ತು ಸಿಕ್ಕಿಹಾಕ್ಕೊಂಡೆ!"

ಭಾವಮೈದುನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಹತ್ತಿರ ಬಂದ. ಮುಚ್ಚಳವನ್ನು ನೋಡಿದ, ಭಾವನ ಮುಖವನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು ಸುತ್ತ ನಿಂತವರತ್ತ ತಿರುಗಿ ನೋಡಿ ಸುಮ್ಮನಾದ. "ಆಯ್ತು ಭಾವ, ಹೊರಡಿ," ಅಂದು ಕೆಲಸಕ್ಕೆ ಮರಳಿದ. ಮಾತಿಲ್ಲದವನು ತಪ್ಪಿತಸ್ಥ ಅಂತ ಇನ್ಸ್‌ಪೆಕ್ಟರರು ಅಲ್ಲೇ ತೀರ್ಪು ಕೊಟ್ಟುಕೊಂಡರು. ಗೆದ್ದ ಖುಷಿಯಲ್ಲಿ ಮುಚ್ಚಳ ಮತ್ತೆ ಕೂರಿಸಿ ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಬಂದರು, ಅರ್ಧ ದಾರಿಯಲ್ಲಿ ಕಾರು ಕಾದು ನಿಂತದ್ದು ಬೇರೆ ಮಾತು.

ಆ ಭಾನುವಾರ ಭಾವಮೈದುನ ಅಕ್ಕನ ಮನೆಗೆ ಬರಲಿಲ್ಲ. ಅಕ್ಕನ ಮದುವೆಯಾದಾಗಿನಿಂದ ಭಾನುವಾರ ಬೆಳಿಗ್ಗೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿದ ಮೇಲೆಯೇ ಆ ಮನೆಯಲ್ಲಿ ಎರಡನೇ ಕಾಫಿ. ಮುಂದಿನ ಭಾನುವಾರವೂ ಇಲ್ಲ, ಅದರಾಚೆಯದೂ ಇಲ್ಲ. ಫೋನ್ ಮಾಡಿದರೆ "ಕೆಲಸ ಜಾಸ್ತಿ ಅಕ್ಕ" ಅಂದು ಇಟ್ಟುಬಿಡುತ್ತಿದ್ದ. ಟೈರಿನಂಗಡಿಯವನ ಹೆಂಡತಿಯಿಂದ ವಿಷಯ ಇವರ ಹೆಂಡತಿಯ ಕಿವಿಗೆ ಬಿದ್ದದ್ದು ನಾಲ್ಕನೇ ವಾರ.

ಆಕೆ ಕೂಗಾಡಲಿಲ್ಲ. ಒಗೆದ ಬಟ್ಟೆ ಮಡಿಸುತ್ತಲೇ ಹೇಳಿದರು. "ರೀ, ಫಿನಾಯಿಲ್‌ಗೆ ಗೆರೆ ಎಳೆದ್ರಿ, ಸುಮ್ಮನಿದ್ದೆ. ನನ್ನ ತವರು ಅಂತ ಉಳಿದಿರೋದು ಅವನೊಬ್ಬ. ಅವನನ್ನ ಹತ್ತು ಜನರ ಮುಂದೆ ಕಳ್ಳ ಅಂದ್ರಿ. ಅವನು ಈ ಮನೆ ಮೆಟ್ಟಿಲು ಹತ್ತೋವರೆಗೂ ನನ್ನ ಹತ್ತಿರ ಊಟ, ನೀರು ಅಷ್ಟೇ ಕೇಳಿ. ಬೇರೆ ಮಾತು ಬೇಡ."

"ಕಳ್ಳನಲ್ಲ ಅಂತ ನೀನು ಹೆಂಗೆ ಹೇಳ್ತೀಯ?"

ಆಕೆ ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು. ಹೇಳಿದ ಹಾಗೇ ನಡೆದುಕೊಂಡರು. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದೇ ಇಲ್ಲ. ಇನ್ಸ್‌ಪೆಕ್ಟರರಿಗೆ ನಿಜಕ್ಕೂ ಭಯವಾಯಿತು. ಆದರೆ ಭಯಪಟ್ಟು ಸೋಲುವ ಜಾಯಮಾನ ಅವರದಲ್ಲ. ಒಂದು ದಾರಿ ಹೊಳೆಯಿತು. ಮುಚ್ಚಳ ನಕಲಿ ಅಂತ ತಿಳಿದವರ ಬಾಯಲ್ಲಿ ಹೇಳಿಸಿಬಿಟ್ಟರೆ ಹೆಂಡತಿಯ ಬಾಯಿ ತಾನಾಗಿಯೇ ತೆರೆಯುತ್ತದೆ. ಮುಚ್ಚಳವನ್ನು ಕಾಗದದಲ್ಲಿ ಸುತ್ತಿ, ಬಸ್ಸು ಹತ್ತಿ, ಊರಿನ ಇನ್ನೊಂದು ತುದಿಯ ಬಿಡಿಭಾಗದ ಅಂಗಡಿಗೆ ಹೋದರು. ಹತ್ತಿರದ ಅಂಗಡಿಯವರು ಭಾವಮೈದುನನಿಗೆ ಪರಿಚಯ, ಅವರೆಲ್ಲ ಒಂದೇ ಗುಂಪು.

ಅಂಗಡಿಯ ಮುದುಕ ಕನ್ನಡಕ ಏರಿಸಿ ಮುಚ್ಚಳದ ತಲೆ ನೋಡಿದ, ನಂಬರು ಓದಿದ, ಸ್ಪ್ರಿಂಗು ಒತ್ತಿ ನೋಡಿದ. "ಅಸಲಿ ಮಾಲೇ ಸಾರ್. ಎರಡು ಮೂರು ತಿಂಗಳ ಹಿಂದಿನದು. ಯಾಕೆ?"

"ಸರಿಯಾಗಿ ನೋಡಿ. ನೀರು ನಿಲ್ತಾ ಇಲ್ಲ."

ಮುದುಕ ಮುಚ್ಚಳ ಬೋರಲು ಹಾಕಿದ. ಉಗುರಿನಿಂದ ಕೆರೆದ. ಆಮೇಲೆ ಜೋರಾಗಿ ನಕ್ಕುಬಿಟ್ಟ. "ನಿಲ್ಲೋದು ಹೇಗೆ ಸಾರ್? ರಬ್ಬರ್ ಮೇಲೆ ಯಾವನೋ ಕೆಂಪು ಬಣ್ಣ ಗಂಟು ಕಟ್ಟಿಸಿದಾನಲ್ಲ! ಇದು ಇಷ್ಟು ಎತ್ತಿ ನಿಂತರೆ ಮುಚ್ಚಳ ಬಿಗಿಯಾಗಿ ಕೂರುತ್ತಾ? ಎಂಜಿನ್ ಬಿಸಿಯಾದಾಗೆಲ್ಲ ನೀರು ಈ ಸಂದಿಯಿಂದ ಉಕ್ಕಿ ಪಕ್ಕದ ಪೈಪಲ್ಲಿ ರಸ್ತೆಗೆ ಹೋಗ್ತದೆ. ಓಡೋವಾಗ ಹೋಗೋದು, ನಿಂತಾಗ ಒಂದು ಹನಿ ಕಾಣಲ್ಲ. ಯಾರು ಸಾರ್ ಈ ಕೆಲಸ ಮಾಡಿದ್ದು? ತಲೆ ನೆಟ್ಟಗಿರೋರು ಮಾಡೋ ಕೆಲಸ ಅಲ್ಲ."

ಇನ್ಸ್‌ಪೆಕ್ಟರರು ಮುಚ್ಚಳ ತೆಗೆದುಕೊಂಡರು. ಕಿವಿಯವರೆಗೂ ಮುಖ ಬಿಸಿಯಾಗಿತ್ತು. "ಗೊತ್ತಿಲ್ಲ," ಅಂದರು. ಅಂಗಡಿಯ ಮೆಟ್ಟಿಲಿಳಿದು ಬಸ್ ಸ್ಟಾಪಿನಲ್ಲಿ ಕೂತರು. ಮುದುಕನೂ ಭಾವಮೈದುನನ ಕಡೆಯವನೇ ಇರಬಹುದೇ ಅಂತ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಅಯ್ಯೋ, ಆ ಮನುಷ್ಯನಿಗೆ ಅಲ್ಲಿಯೂ ಹಾಗನ್ನಿಸಿತಲ್ಲ! ಆದರೆ ಚುಕ್ಕೆ ಇಟ್ಟ ಕೈ ತಮ್ಮದೇ, ಅದರ ಮೇಲೆ ಇನ್ನೊಂದು ಇಟ್ಟದ್ದೂ ತಮ್ಮದೇ. ಇದರಲ್ಲಿ ಅನುಮಾನಿಸಲು ಬೇರೆ ಯಾರೂ ಉಳಿದಿರಲಿಲ್ಲ. ಎರಡು ಬಸ್ಸು ಬಂದು ಹೋದವು. ಮೂರನೆಯದನ್ನು ಹತ್ತಿ ನೇರ ಗ್ಯಾರೇಜಿನ ಹತ್ತಿರ ಇಳಿದರು.

ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಭಾವಮೈದುನ ಒಂದು ಕಾರಿನ ಕೆಳಗೆ ಮಲಗಿದ್ದ. ಬರೀ ಕಾಲು ಕಾಣುತ್ತಿತ್ತು. ಇನ್ಸ್‌ಪೆಕ್ಟರರು ಆ ಕಾಲುಗಳಿಗೇ ಎಲ್ಲವನ್ನೂ ಹೇಳಿದರು. ಮುಖ ನೋಡಿ ಹೇಳುವ ಧೈರ್ಯ ಬಹುಶಃ ಬರುತ್ತಿರಲಿಲ್ಲ.

"ತಪ್ಪು ನನ್ನದು ಕಣಯ್ಯಾ. ಚುಕ್ಕೆ ನಾನೇ ಇಟ್ಟಿದ್ದು."

ಅವನು ನಿಧಾನವಾಗಿ ಹೊರಗೆ ಜಾರಿ ಎದ್ದು ಕೂತ. ಹಳೇ ಬನಿಯನ್ನಿನ ತುಂಡಿನಿಂದ ಕೈ ಒರೆಸಿಕೊಂಡ. "ಗೊತ್ತು ಭಾವ."

"ಏನು ಗೊತ್ತು?"

"ಮೊದಲನೇ ವರ್ಷದಿಂದ ಗೊತ್ತು. ಬ್ಯಾಟರಿ ತಳದಲ್ಲಿ, ಸ್ಟೆಪ್ನೀಲಿ, ಹಾರ್ನಿನ ಹಿಂದೆ. ಗಾಡಿ ತೊಳೆಯೋವಾಗ ಅಳಿಸಿ ಹೋದೀತು ಅಂತ ಸುತ್ತಲೂ ಒರೆಸ್ತಿದ್ದೆ. ಅಳಿಸಿದ್ರೆ ಕದ್ದೆ ಅಂತೀರಲ್ಲ. ಆವತ್ತು ನೀವು ಮುಚ್ಚಳ ಎತ್ತಿ ಹಿಡಿದಾಗಲೇ ರಬ್ಬರ್ ಮೇಲಿನ ಚುಕ್ಕೆ ನೋಡಿದೆ. ನೀರು ಎಲ್ಲಿಂದ ಹೋಗ್ತಿದೆ ಅಂತಲೂ ಗೊತ್ತಾಯ್ತು."

"ಮತ್ತೆ ಬಾಯಿ ಬಿಟ್ಟು ಹೇಳೋದಲ್ವೇನೋ, ಪುಣ್ಯಾತ್ಮ?"

"ಮೂರು ಜನ ನಿಂತಿದ್ರು ಭಾವ. ಹೇಳಿದ್ರೆ ಬಿದ್ದು ಬಿದ್ದು ನಗ್ತಿದ್ರು. ಅಕ್ಕನ ಗಂಡನ್ನ ನೋಡಿ ನಗೋದು ನನಗೆ ಬೇಡವಾಗಿತ್ತು."

ಇನ್ಸ್‌ಪೆಕ್ಟರರು ಸ್ಟೂಲು ಎಳೆದು ಕೂತರು. ಕ್ಷಮಿಸು ಅನ್ನುವ ಮಾತು ಅವರ ಬಾಯಲ್ಲಿ ಬಂದೇ ಗೊತ್ತಿರಲಿಲ್ಲ, ಹೇಗೋ ಹೊರಳಿಸಿ ಅಂದರು. ಭಾನುವಾರ ಬಾ, ನಿನ್ನ ಅಕ್ಕ ಮಾತು ಬಿಟ್ಟಿದ್ದಾಳೆ ಅಂದರು. ಟೈರಿನಂಗಡಿಯವನನ್ನು ಕರೆಸು, ಅವನ ಮುಂದೆಯೂ ಹೇಳುತ್ತೇನೆ ಅಂದರು.

"ಅದೆಲ್ಲ ಬೇಡ. ಅಕ್ಕನ್ನ ನೋಡೋಕೆ ಬರ್ತೀನಿ, ಅವಳೇನು ಮಾಡಿದಾಳೆ ಪಾಪ. ಗಾಡಿ ಮಾತ್ರ ಇನ್ಮೇಲೆ ಬೇರೆ ಕಡೆ ತೋರಿಸ್ಕೊಳ್ಳಿ ಭಾವ. ಸಿಟ್ಟಿಲ್ಲ. ಅದನ್ನ ಮುಟ್ಟೋಕೆ ಹೋದ್ರೆ ನನ್ನ ಕೈಯೇ ನನಗೆ ಕಳ್ಳನ ಕೈ ಥರ ಕಾಣುತ್ತೆ."

ಇನ್ಸ್‌ಪೆಕ್ಟರರು ಆ ಮಾತನ್ನು ನಂಬಲಿಲ್ಲ. ಇವತ್ತು ನೋವಿಗೆ ಅಂದಿದ್ದಾನೆ, ನಾಳೆ ಮರೆಯುತ್ತಾನೆ ಅಂದುಕೊಂಡರು. ಚುಕ್ಕೆ ಕೆರೆದು ಮುಚ್ಚಳ ಕೂರಿಸಿದ ಮೇಲೆ ಕಾರು ಕಾಯುವುದು ನಿಂತಿತು, ಆದರೆ ಅಷ್ಟರಲ್ಲಿ ಫ್ಯಾನ್ ಬೆಲ್ಟು ಕಿರುಗುಟ್ಟಲು ಶುರುವಾಗಿತ್ತು. ಒಳ್ಳೆಯದೇ ಆಯಿತು ಅನ್ನಿಸಿತು ಅವರಿಗೆ. ಆ ಸದ್ದು ಎರಡು ಮನೆಯಾಚೆಗೆ ಕೇಳುತ್ತಿತ್ತು. ಯಾವ ಮೆಕ್ಯಾನಿಕ್ಕೂ ಅದನ್ನು ಕೇಳಿ ಸುಮ್ಮನೆ ಹೋಗಲಾರ.

ಭಾನುವಾರ ಬೆಳಿಗ್ಗೆ ಅವರು ಬೇಕಂತಲೇ ಕಾರನ್ನು ಗೇಟಿನ ಬಳಿ ನಿಲ್ಲಿಸಿ, ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು ಪಕ್ಕದಲ್ಲಿ ನಿಂತರು. ಭಾವಮೈದುನ ಬಂದ. "ಹುಷಾರಾಗಿದೀರಾ ಭಾವ?" ಅಂದು ನಕ್ಕ, ಒಳಗೆ ಹೋದ. ಒಳಗಿನಿಂದ ಹೆಂಡತಿಯ ಮಾತು, ಎಷ್ಟೋ ವಾರದ ಮೇಲೆ ಆಕೆಯ ನಗು ಕೇಳಿಸಿತು. "ರೀ, ಕಾಫಿ ಆರಿ ಹೋಗ್ತದೆ, ಬನ್ನಿ," ಅಂತ ಆಕೆ ಕೂಗಿದರು. ಕಣ್ಣು ತುಂಬಿ ಬಂದರೂ ಇನ್ಸ್‌ಪೆಕ್ಟರರು ಒಳಗೆ ಹೋಗಲಿಲ್ಲ, ಅವನು ಹೊರಡುವಾಗ ಬೆಲ್ಟಿನ ಬಗ್ಗೆ ಕೇಳಲೇಬೇಕಲ್ಲ ಅಂತ ಅಲ್ಲೇ ನಿಂತರು.

ಮುಕ್ಕಾಲು ಗಂಟೆಯ ಮೇಲೆ ಭಾವಮೈದುನ ಚಪ್ಪಲಿ ಮೆಟ್ಟಿ ಹೊರಗೆ ಬಂದ. ಬೆಲ್ಟು ಕಿರುಗುಟ್ಟುತ್ತಲೇ ಇತ್ತು. "ಬರ್ತೀನಿ ಭಾವ," ಅಂದ. ಬಾನೆಟ್ಟಿನ ಹತ್ತಿರ ಬಂದಾಗ ಎರಡೂ ಕೈ ಜೇಬಿಗೆ ಹಾಕಿಕೊಂಡು, ಕಾರನ್ನು ಬಳಸಿ, ಗೇಟು ದಾಟಿ ಹೋದ.